ಸಾರತೈಲದಿಂದ ಮನೆ ಶುಚಿಗೊಳಿಸುವವರಿಗೆ: ಎಷ್ಟು ಹನಿ, ಯಾವುದರ ಜೊತೆ, ಎಲ್ಲಿ ಬೇಡ

ಮನೆ ಶುಚಿಗೊಳಿಸಲು ಸಾರತೈಲ ಬಳಸಬೇಕೆಂದಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಬಹುತೇಕ ಮೂರೇ. ನೀರಿಗೆ ಎಷ್ಟು ಹನಿ ಹಾಕಬೇಕು? ಹಾಕಿದ ತೈಲ ನೀರಿನ ಮೇಲೆ ತೇಲುತ್ತದಲ್ಲ, ಏನು ಮಾಡಬೇಕು? ಇದರಿಂದ ರೋಗಾಣುಗಳು ಸಾಯುತ್ತವೆಯೇ? ಮೊದಲನೆಯದಕ್ಕೆ ಉತ್ತರ: ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ. ಎರಡನೆಯದಕ್ಕೆ: ತೈಲವನ್ನು ಮೊದಲು ಸಾಬೂನಿಗೆ ಬೆರೆಸಿ, ಆಮೇಲೆ ನೀರು ಸೇರಿಸಬೇಕು. ಮೂರನೆಯದಕ್ಕೆ: ಮನೆಯಲ್ಲಿ ಬೆರೆಸುವ ಪ್ರಮಾಣದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಹೀಗೇಕೆ ಎಂಬುದನ್ನೂ, ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನೂ ಮುಂದೆ ವಿವರಿಸಿದ್ದೇನೆ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೊಳೆಯನ್ನು ತೆಗೆಯುವುದು ಸಾಬೂನು, ಸೋಡಾ, ವಿನೆಗರ್, ಬಿಸಿನೀರು ಮತ್ತು ನಿಮ್ಮ ಕೈ. ಸಾರತೈಲ ಅವುಗಳ ಜೊತೆಗಾರ ಮಾತ್ರ. ಇದನ್ನು ಒಪ್ಪಿಕೊಂಡರೆ ತೈಲಕ್ಕೆ ಸುರಿಯುವ ಹಣವೂ ಉಳಿಯುತ್ತದೆ, ಅತಿಯಾಗಿ ಹಾಕಿ ತಲೆನೋವು ತಂದುಕೊಳ್ಳುವುದೂ ತಪ್ಪುತ್ತದೆ.

ಸಾರತೈಲ ಎಂದರೇನು, ಅದರಿಂದ ಏನಾಗುತ್ತದೆ

ಎಲೆ, ಹೂ, ತೊಗಟೆ, ಹಣ್ಣಿನ ಸಿಪ್ಪೆ ಮೊದಲಾದವುಗಳ ಪರಿಮಳಕ್ಕೆ ಕಾರಣವಾದ, ತೆರೆದಿಟ್ಟರೆ ಆವಿಯಾಗಿ ಹೋಗುವ ದ್ರವ್ಯಗಳ ಸಾಂದ್ರ ರೂಪವೇ ಸಾರತೈಲ. ಎಸೆನ್ಷಿಯಲ್ ಆಯಿಲ್ ಎಂಬ ಹೆಸರಿನಲ್ಲಿ ಗಾಢ ಬಣ್ಣದ ಸಣ್ಣ ಸೀಸೆಗಳಲ್ಲಿ ಸಿಗುವುದು ಇದೇ. ಲ್ಯಾವೆಂಡರ್, ನೀಲಗಿರಿ, ಟೀ ಟ್ರೀ ಮುಂತಾದವುಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ ತೆಗೆಯುತ್ತಾರೆ. ನಿಂಬೆ, ಕಿತ್ತಳೆಯ ತೈಲವನ್ನು ಬಹುಪಾಲು ಸಿಪ್ಪೆಯನ್ನು ಹಿಂಡಿ ಪಡೆಯುತ್ತಾರೆ. ಹೆಸರಿನಲ್ಲಿ ತೈಲವೆಂದಿದ್ದರೂ ಅಡುಗೆ ಎಣ್ಣೆಯಂತೆ ಇದು ಕೊಬ್ಬಿನಿಂದಾದದ್ದಲ್ಲ. ಆದರೆ ಅಡುಗೆ ಎಣ್ಣೆಯಂತೆಯೇ ಇದೂ ನೀರಿನಲ್ಲಿ ಕರಗುವುದಿಲ್ಲ.

ಶುಚಿಗೊಳಿಸುವಿಕೆಯಲ್ಲಿ ಇದರಿಂದ ಆಗುವ ಮೊದಲ ಉಪಯೋಗ ಪರಿಮಳ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು ಜಿಡ್ಡು ಮತ್ತು ಅಂಟನ್ನು ಕರಗಿಸುವುದು. ಕಿತ್ತಳೆ ಸಿಪ್ಪೆಯ ತೈಲದಲ್ಲಿ ಶೇ. 90ಕ್ಕಿಂತ ಹೆಚ್ಚಿರುವ ಲಿಮೊನೀನ್ ಎಂಬ ದ್ರವ್ಯ ನಿಜವಾದ ದ್ರಾವಕ, ಅಂದರೆ ಇತರ ವಸ್ತುಗಳನ್ನು ತನ್ನಲ್ಲಿ ಕರಗಿಸಿಕೊಳ್ಳುವಂಥದ್ದು. ಕಾರ್ಖಾನೆಗಳಲ್ಲಿಯೂ ಯಂತ್ರಗಳ ಜಿಡ್ಡು ತೆಗೆಯಲು ಅದನ್ನು ಬಳಸುತ್ತಾರೆ. ಮೂರನೆಯದು ಸೂಕ್ಷ್ಮಾಣುಗಳ ಮೇಲಿನ ಪರಿಣಾಮ. ಟೀ ಟ್ರೀ ತೈಲದ ಟರ್ಪಿನೆನ್-4-ಆಲ್, ಥೈಮ್ ತೈಲದ ಥೈಮಾಲ್, ಲವಂಗದ ಯೂಜಿನಾಲ್ ಇವೆಲ್ಲ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತವೆ ಎಂಬುದು ನಿಜವೇ.

ಆದರೆ ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸೀಸೆಯ ಬಾಯಿಗನುಗುಣವಾಗಿ ಸ್ವಲ್ಪ ಹೆಚ್ಚುಕಡಿಮೆಯಾದರೂ, ಸುಮಾರು 20 ಹನಿ ಸೇರಿದರೆ 1 ಮಿಲಿಲೀಟರ್. ಅರ್ಧ ಲೀಟರ್ ನೀರಿಗೆ 20 ಹನಿ ಹಾಕಿದರೆ ತೈಲದ ಪ್ರಮಾಣ ಶೇ. 0.2 ಆಗುತ್ತದೆ. ಪ್ರಯೋಗಾಲಯದಲ್ಲಿ ಅನೇಕ ಬ್ಯಾಕ್ಟೀರಿಯಾಗಳನ್ನು ತಡೆಯಲು ಟೀ ಟ್ರೀ ತೈಲ ಸಾಮಾನ್ಯವಾಗಿ ಶೇ. 0.5ರಿಂದ 1ರ ಆಸುಪಾಸಿನಲ್ಲಿ ಬೇಕಾಗುತ್ತದೆ, ಅದೂ ಸಿಂಪಡಿಸಿ ಕೂಡಲೇ ಒರೆಸುವಷ್ಟು ಕಡಿಮೆ ಸಮಯದಲ್ಲಲ್ಲ. ಶೇ. 1 ಮುಟ್ಟಬೇಕೆಂದರೆ ಅದೇ ಅರ್ಧ ಲೀಟರಿಗೆ 100 ಹನಿ ಹಾಕಬೇಕು. ಅಷ್ಟು ಹಾಕಿದರೆ ಮೂಗು, ಚರ್ಮ, ಮೇಜಿನ ಮೆರುಗು ಯಾವುದೂ ನೆಟ್ಟಗಿರುವುದಿಲ್ಲ. ಥೈಮಾಲ್ ಇರುವ ಸಿದ್ಧ ಸೋಂಕುನಿವಾರಕಗಳು ಇವೆಯಾದರೂ, ಅವುಗಳನ್ನು ಇಂತಿಷ್ಟು ಸಾಂದ್ರತೆಯಲ್ಲಿ ಇಂತಿಷ್ಟು ನಿಮಿಷ ಮೇಲ್ಮೈ ಒದ್ದೆಯಾಗಿರಬೇಕೆಂಬ ಷರತ್ತಿನೊಂದಿಗೆ ಪರೀಕ್ಷಿಸಿರುತ್ತಾರೆ. ಮನೆಯ ಸ್ಪ್ರೇ ಬಾಟಲಿಗೆ ಆ ಖಾತರಿ ಇಲ್ಲ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗುತ್ತಿದ್ದರೆ, ಹಸಿ ಮಾಂಸ ಇಟ್ಟ ಜಾಗವನ್ನು ಸ್ವಚ್ಛಗೊಳಿಸಬೇಕಿದ್ದರೆ ಸಾರತೈಲವನ್ನು ಬದಿಗಿಟ್ಟು, ಮೊದಲು ಸಾಬೂನಿನಿಂದ ತೊಳೆದು, ನೀರಿನಿಂದ ಚೆನ್ನಾಗಿ ಒರೆಸಿ, ನಂತರ ಲೇಬಲ್ಲಿನಲ್ಲಿ ಹೇಳಿದಂತೆ ಸೋಂಕುನಿವಾರಕ ಬಳಸಿ.

ಬೇಕಾಗುವ ಸಾಮಗ್ರಿ

ಹತ್ತು ಹದಿನೈದು ಬಗೆಯ ತೈಲಗಳನ್ನು ಕೊಳ್ಳುವ ಅಗತ್ಯವಿಲ್ಲ. ಕಿತ್ತಳೆ ಅಥವಾ ನಿಂಬೆಯದು ಒಂದು, ಲ್ಯಾವೆಂಡರ್ ಅಥವಾ ನೀಲಗಿರಿ ಒಂದು, ಬೇಕೆನಿಸಿದರೆ ಟೀ ಟ್ರೀ ಒಂದು ಇದ್ದರೆ ಸಾಕು. ಲವಂಗ, ದಾಲ್ಚಿನ್ನಿ, ಥೈಮ್ ತೈಲಗಳು ಚರ್ಮವನ್ನು ಬಲವಾಗಿ ಕೆರಳಿಸುವುದರಿಂದ ಹೊಸಬರು ಅವುಗಳನ್ನು ಮುಟ್ಟದಿರುವುದೇ ಒಳ್ಳೆಯದು.

ಕೊಳ್ಳುವಾಗ ಲೇಬಲ್ ಓದಿ. ಸಸ್ಯದ ಶಾಸ್ತ್ರೀಯ ಹೆಸರು ಇರಬೇಕು: ಟೀ ಟ್ರೀಗೆ ಮೆಲಲ್ಯೂಕ ಆಲ್ಟರ್ನಿಫೋಲಿಯ, ಲ್ಯಾವೆಂಡರಿಗೆ ಲವಾಂಡುಲ ಅಂಗುಸ್ಟಿಫೋಲಿಯ, ಹೀಗೆ. ‘ಫ್ರಾಗ್ರೆನ್ಸ್ ಆಯಿಲ್’ ಎಂದಿದ್ದರೆ ಅದು ಸುವಾಸನೆಗಾಗಿ ತಯಾರಿಸಿದ ಮಿಶ್ರಣವೇ ಹೊರತು ಸಾರತೈಲವಲ್ಲ. ‘ಥೆರಪ್ಯೂಟಿಕ್ ಗ್ರೇಡ್’ ಎಂಬ ಮಾತಿಗೆ ಹೆಚ್ಚು ಬೆಲೆ ತೆರಬೇಡಿ; ಅದು ಮಾರಾಟಗಾರರ ಬಿರುದು, ಅದನ್ನು ಕೊಡುವ ಅಧಿಕೃತ ಸಂಸ್ಥೆ ಯಾವುದೂ ಇಲ್ಲ. ಅಗ್ಗದ ಸೀಸೆಯಲ್ಲಿ ಸಾಮಾನ್ಯ ಎಣ್ಣೆ ಬೆರೆತಿದೆಯೋ ಎಂಬ ಅನುಮಾನವಿದ್ದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಪಾರದರ್ಶಕ ಉಂಗುರ ಹಾಗೆಯೇ ಉಳಿದಿದ್ದರೆ ಬೆರಕೆ ಇರುವ ಸಂಭವ ಹೆಚ್ಚು. ಸಿಪ್ಪೆ ಹಿಂಡಿದ ತೈಲಗಳು ತುಸು ಬಣ್ಣವನ್ನು ಬಿಡುವುದು ಸಹಜ, ಅದರಿಂದ ಗಾಬರಿಯಾಗಬೇಕಿಲ್ಲ.

ಉಳಿದಂತೆ ಪರಿಮಳವಿಲ್ಲದ ದ್ರವ ಸಾಬೂನು ಅಥವಾ ಪಾತ್ರೆ ತೊಳೆಯುವ ದ್ರವ, ಅಡುಗೆ ಸೋಡಾ, ಶೇ. 5ರ ಬಿಳಿ ವಿನೆಗರ್, ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರು (ಬಟ್ಟಿ ಇಳಿಸಿದ ಶುದ್ಧ ನೀರು), ಗಾಜಿನ ಸ್ಪ್ರೇ ಬಾಟಲಿ, ಆಲಿಕೆ, ಅಳತೆಯ ಚಮಚಗಳು, ರಬ್ಬರಿನ ಕೈಗವಸು ಮತ್ತು ಒರೆಸುವ ಬಟ್ಟೆ ಬೇಕು. ಈ ಲೇಖನದಲ್ಲಿ ಚಿಕ್ಕ ಚಮಚ ಎಂದರೆ 5 ಮಿಲಿಲೀಟರ್, ದೊಡ್ಡ ಚಮಚ ಎಂದರೆ 15 ಮಿಲಿಲೀಟರ್.

1. ಮನೆಯಲ್ಲಿ ಯಾರಿದ್ದಾರೆಂದು ಯೋಚಿಸಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಬೆಕ್ಕು ಇದ್ದರೆ ಸಾರತೈಲದ ಬಳಕೆಯನ್ನು ಪೂರ್ತಿ ಕೈಬಿಡುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಇಂಥ ದ್ರವ್ಯಗಳನ್ನು ಮಾರ್ಪಡಿಸಿ ದೇಹದಿಂದ ಹೊರಹಾಕುವ ಯಕೃತ್ತಿನ ಒಂದು ಮುಖ್ಯ ಕ್ರಿಯೆ ಬೆಕ್ಕುಗಳಲ್ಲಿ ತೀರ ದುರ್ಬಲವಾಗಿರುತ್ತದೆ. ಒರೆಸಿದ ನೆಲದ ಮೇಲೆ ಓಡಾಡಿ ಆ ಪಾದಗಳನ್ನೇ ನೆಕ್ಕಿಕೊಳ್ಳುವ ಪ್ರಾಣಿಗೆ ಸ್ವಲ್ಪವೂ ಹೆಚ್ಚಾಗಬಹುದು. ಟೀ ಟ್ರೀ ತೈಲ ನಾಯಿಗಳಿಗೂ ವಿಷಕಾರಿ. ಪಂಜರದ ಹಕ್ಕಿಗಳ ಶ್ವಾಸಾಂಗ ಬಹಳ ಸೂಕ್ಷ್ಮವಾದುದರಿಂದ ಅವು ಇರುವ ಕೋಣೆಯಲ್ಲಿ ಏನನ್ನೂ ಸಿಂಪಡಿಸಬೇಡಿ.

ಆಸ್ತಮಾ ಇರುವವರಿಗೆ ಗಾಢ ಪರಿಮಳವೇ ಉಬ್ಬಸ ತರಬಹುದು. ಕೂಸುಗಳು ಮತ್ತು ಚಿಕ್ಕ ಮಕ್ಕಳಿರುವ ಕೋಣೆಯಲ್ಲಿ ನೀಲಗಿರಿ ಮತ್ತು ಪೆಪ್ಪರ್‌ಮಿಂಟ್ ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇಂಥ ಮನೆಗಳಲ್ಲಿ ಮುಂದೆ ಹೇಳುವ ಎಲ್ಲ ಮಿಶ್ರಣಗಳನ್ನು ತೈಲವಿಲ್ಲದೆಯೇ ಮಾಡಬಹುದು. ಶುಚಿತ್ವದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸವಾಗುವುದಿಲ್ಲ.

2. ಶುಚಿಗೊಳಿಸುವ ಮೇಲ್ಮೈ ಯಾವುದೆಂದು ತಿಳಿದುಕೊಳ್ಳಿ

ಅಮೃತಶಿಲೆ ಮತ್ತು ಸುಣ್ಣದಕಲ್ಲುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೋನೇಟ್ ಆಮ್ಲದಲ್ಲಿ ಕರಗುತ್ತದೆ. ಅವುಗಳ ಮೇಲೆ ವಿನೆಗರ್ ಬಿದ್ದರೆ ಹೊಳಪು ಹೋಗಿ ಮಂಕಾದ ಗುರುತು ಉಳಿಯುತ್ತದೆ, ಅದನ್ನು ಮತ್ತೆ ಪಾಲಿಶ್ ಮಾಡಿಸದೆ ಸರಿಪಡಿಸಲಾಗದು. ಗ್ರಾನೈಟ್ ಅಷ್ಟು ಬೇಗ ಕೆಡದಿದ್ದರೂ ಅದರ ಮೇಲೆ ಬಳಿದಿರುವ ರಕ್ಷಣಾ ಲೇಪನ ಸವೆಯುತ್ತದೆ. ಟೈಲ್ಸ್‌ಗಳ ಸಂದಿಯ ಸಿಮೆಂಟು, ಅಲ್ಯೂಮಿನಿಯಂ, ರಬ್ಬರಿನ ಅಂಚುಪಟ್ಟಿ ಇವುಗಳಿಗೂ ವಿನೆಗರ್ ಆಗಿಬರುವುದಿಲ್ಲ. ಅಲ್ಯೂಮಿನಿಯಂ ಸೋಡಾದಿಂದಲೂ ಕಪ್ಪಾಗಬಹುದು. ವಾರ್ನಿಶ್ ಬಳಿದ ಮರ, ಬಣ್ಣ ಬಳಿದ ಪೀಠೋಪಕರಣ, ಅಕ್ರಿಲಿಕ್ ಹಾಳೆ ಮುಂತಾದವುಗಳ ಮೇಲೆ ಸಾಂದ್ರ ಸಾರತೈಲ ಬಿದ್ದರೆ ಲೇಪನ ಮೆತ್ತಗಾಗುತ್ತದೆ. ಮೊಬೈಲ್ ಮತ್ತು ಟಿವಿ ಪರದೆಗಳಿಗೆ ಇಲ್ಲಿರುವ ಯಾವ ಮಿಶ್ರಣವೂ ಬೇಡ.

ಹೊಸ ಮೇಲ್ಮೈ ಯಾವುದೇ ಇರಲಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ವಲ್ಪ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒರೆಸಿ, ಒಣಗಿದ ಮೇಲೆ ನೋಡಿ. ಒದ್ದೆಯಾಗಿರುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

3. ಬಾಟಲಿ ಮತ್ತು ಅಳತೆ ಸಿದ್ಧಪಡಿಸಿ

ಸಾಂದ್ರ ತೈಲವನ್ನು ಅಳೆಯಲು ಗಾಜು ಅಥವಾ ಸ್ಟೀಲ್ ಪಾತ್ರೆ ಮಾತ್ರ ಬಳಸಿ. ಒಮ್ಮೆ ನಾನು ಕಿತ್ತಳೆ ತೈಲವನ್ನು ಥರ್ಮೋಕೋಲ್ ಲೋಟಕ್ಕೆ ಹಾಕಿದ್ದೆ. ಕ್ಷಣಾರ್ಧದಲ್ಲಿ ಲೋಟದ ತಳ ಕರಗಿ ತೈಲವೆಲ್ಲ ಮೇಜಿನ ಮೇಲೆ ಹರಿದಿತ್ತು. ಲಿಮೊನೀನ್ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಸುಲಭವಾಗಿ ಕರಗಿಸುತ್ತದೆ, ಥರ್ಮೋಕೋಲ್ ಅದೇ ವಸ್ತುವಿನದು. ನೀರು ಬೆರೆಸಿದ ತೆಳು ಮಿಶ್ರಣವನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೆಲವು ದಿನ ಇಡಬಹುದಾದರೂ ಗಾಢ ಬಣ್ಣದ ಗಾಜು ಎಲ್ಲಕ್ಕಿಂತ ಮೇಲು.

ಬೇರೆ ಶುಚಿಕಾರಕ ಇದ್ದ ಹಳೆಯ ಬಾಟಲಿಯನ್ನು ಮರುಬಳಕೆ ಮಾಡುವುದಾದರೆ ಅದರಲ್ಲಿ ಬ್ಲೀಚ್ ಅಥವಾ ಅಮೋನಿಯಾ ಇದ್ದಿರಬಾರದು. ತೊಳೆದ ಮೇಲೆಯೂ ಸ್ಪ್ರೇ ಕೊಳವೆಯೊಳಗೆ ಉಳಿಕೆ ಇರುತ್ತದೆ.

4. ತೈಲವನ್ನು ನೀರಿನಲ್ಲಿ ಬೆರೆಯುವಂತೆ ಮಾಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ನೀರು ತುಂಬಿದ ಬಾಟಲಿಗೆ ನೇರವಾಗಿ ಹನಿ ಹಾಕಿ ಕುಲುಕಿದರೆ ತೈಲ ಸಣ್ಣ ಸಣ್ಣ ಬಿಂದುಗಳಾಗಿ ಒಡೆದು, ಕೆಲವೇ ನಿಮಿಷಗಳಲ್ಲಿ ಮತ್ತೆ ಮೇಲೆ ಸೇರುತ್ತದೆ. ಸ್ಪ್ರೇ ಕೊಳವೆ ಬಾಟಲಿಯ ತಳದಿಂದ ಹೀರಿಕೊಳ್ಳುವುದರಿಂದ ಮೊದಲ ದಿನಗಳಲ್ಲಿ ಬರೀ ನೀರು ಬರುತ್ತದೆ. ಕೊನೆಯಲ್ಲಿ ಬರುವುದು ಬಹುತೇಕ ಸಾಂದ್ರ ತೈಲ. ಚರ್ಮ ಉರಿಯಿತು, ಮೇಜಿನ ಮೇಲೆ ಕಲೆಯಾಯಿತು ಎಂಬ ದೂರುಗಳಲ್ಲಿ ಅನೇಕವು ಬಾಟಲಿಯ ಆ ಕೊನೆಯ ಭಾಗದಿಂದ ಬಂದವು.

ಇದಕ್ಕೆ ಸುಲಭ ಪರಿಹಾರ ಸಾಬೂನು. ಸಾಬೂನು ಮತ್ತು ಡಿಟರ್ಜೆಂಟ್‌ಗಳಲ್ಲಿರುವ ಸರ್ಫ್ಯಾಕ್ಟಂಟ್ ಎಂಬ ಅಣುಗಳ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಹೀಗೆ ಎಣ್ಣೆಯ ಬಿಂದುಗಳನ್ನು ಸುತ್ತುವರಿದು ನೀರಿನಲ್ಲಿ ಹರಡಿಕೊಂಡಿರುವಂತೆ ಅವು ನೋಡಿಕೊಳ್ಳುತ್ತವೆ. ಆದ್ದರಿಂದ ಖಾಲಿ ಬಾಟಲಿಗೆ ಮೊದಲು ಸಾಬೂನು ಹಾಕಿ, ಅದಕ್ಕೆ ತೈಲದ ಹನಿಗಳನ್ನು ಸೇರಿಸಿ, ಬಾಟಲಿಯನ್ನು ತಿರುಗಿಸುತ್ತಾ ಅವೆರಡನ್ನೂ ಒಂದು ನಿಮಿಷ ಚೆನ್ನಾಗಿ ಬೆರೆಸಿ, ಆಮೇಲೆ ನೀರನ್ನು ನಿಧಾನವಾಗಿ ಸುರಿಯಿರಿ. ನೀರು ಸುರಿದ ಮೇಲೆ ಸಾಬೂನು ಹಾಕಿದರೆ ನೊರೆ ಬರುತ್ತದೆ, ಬೆರೆಯುವುದು ಮಾತ್ರ ಅರೆಬರೆ. ಹೀಗೆ ಮಾಡಿದ ಮೇಲೂ ಪ್ರತಿ ಸಲ ಬಳಸುವ ಮುನ್ನ ಬಾಟಲಿಯನ್ನು ಕುಲುಕುವ ಅಭ್ಯಾಸವಿರಲಿ.

ಎರಡು ಚಮಚ ಆಲ್ಕೊಹಾಲ್ ಹಾಕಿದರೆ ಸಾಕು ಎಂಬ ಸಲಹೆಯನ್ನು ನೀವು ಕೇಳಿರಬಹುದು. ಆಲ್ಕೊಹಾಲಿನಲ್ಲಿ ತೈಲ ಕರಗುತ್ತದೆ, ಸರಿ. ಆದರೆ ಅದಕ್ಕೆ ಅರ್ಧ ಲೀಟರ್ ನೀರು ಸೇರಿದೊಡನೆ ಆಲ್ಕೊಹಾಲಿನ ಪಾಲು ಕುಸಿದು ದ್ರವ ಬೆಳ್ಳಗೆ ಮಬ್ಬಾಗುತ್ತದೆ. ಆ ಮಬ್ಬೇ ತೈಲ ಮತ್ತೆ ಹೊರಬಂದದ್ದರ ಗುರುತು. ಅಡುಗೆ ಸೋಡಾ ಅಥವಾ ಉಪ್ಪಿಗೆ ತೈಲ ಬೆರೆಸಿ ನೀರಿಗೆ ಹಾಕಿದರೂ ಅಷ್ಟೇ: ಪುಡಿ ನೀರಿನಲ್ಲಿ ಕರಗಿ ತೈಲ ಮೇಲೆ ತೇಲುತ್ತದೆ. ಸಾಬೂನು ಬೇಡವೆನ್ನುವವರು ಸೌಂದರ್ಯವರ್ಧಕ ತಯಾರಕರು ಬಳಸುವ ಪಾಲಿಸೋರ್ಬೇಟ್ 20 ಎಂಬ ದ್ರವವನ್ನು ಬಳಸಬಹುದು. ಅದು ಸಾಮಾನ್ಯವಾಗಿ ತೈಲದ ನಾಲ್ಕರಿಂದ ಎಂಟು ಪಟ್ಟು ಬೇಕಾಗುತ್ತದೆ.

5. ದಿನಬಳಕೆಯ ಸ್ಪ್ರೇ

ಅಡುಗೆಮನೆಯ ಕಟ್ಟೆ, ಸಿಂಕ್, ಟೈಲ್ಸ್, ಸ್ಟೀಲ್ ಮತ್ತು ಲ್ಯಾಮಿನೇಟ್ ಹಲಗೆಗಳಿಗೆ ಇದು ಸಾಕು. ದ್ರವ ಸಾಬೂನು 1 ಚಿಕ್ಕ ಚಮಚ, ನಿಂಬೆ ಅಥವಾ ಕಿತ್ತಳೆ ತೈಲ 6 ಹನಿ, ಲ್ಯಾವೆಂಡರ್ ಅಥವಾ ಟೀ ಟ್ರೀ 4 ಹನಿ, ಕುದಿಸಿ ಆರಿಸಿದ ನೀರು 500 ಮಿಲಿಲೀಟರ್. ಮೇಲೆ ಹೇಳಿದ ಕ್ರಮದಲ್ಲಿ ಬೆರೆಸಿ.

ಸಿಂಪಡಿಸಿ, ಒಂದೆರಡು ನಿಮಿಷ ಬಿಟ್ಟು ಒರೆಸಿ, ಆಹಾರ ತಾಗುವ ಜಾಗವಾದರೆ ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಮೇಲ್ಮೈ ಜಾರುತ್ತಿದ್ದರೆ, ಧೂಳು ಬೇಗ ಹತ್ತುತ್ತಿದ್ದರೆ ಸಾಬೂನು ಹೆಚ್ಚಾಗಿದೆ ಎಂದರ್ಥ. ಮುಂದಿನ ಸಲ ಅರ್ಧ ಚಮಚ ಹಾಕಿ. ಈ ಮಿಶ್ರಣದಲ್ಲಿ ಸಂರಕ್ಷಕ ಇಲ್ಲದ ಕಾರಣ ಸೂಕ್ಷ್ಮಾಣುಗಳು ಅದರಲ್ಲೇ ಬೆಳೆಯಬಹುದು. ಎರಡು ವಾರಕ್ಕೆ ಸಾಕಾಗುವಷ್ಟನ್ನೇ ಮಾಡಿ. ಕಮಟು ವಾಸನೆ ಬಂದರೆ, ಲೋಳೆಯ ಎಳೆಗಳು ಕಂಡರೆ ಚೆಲ್ಲಿ.

6. ಉಜ್ಜುವ ಲೇಪ

ಸಿಂಕ್, ವಾಶ್‌ಬೇಸಿನ್ ಹಾಗೂ ಒಲೆಯ ಸುತ್ತಲಿನ ಗಟ್ಟಿ ಜಿಡ್ಡಿಗೆ ಅಡುಗೆ ಸೋಡಾ ಅರ್ಧ ಬಟ್ಟಲು, ಅದು ಮೆತ್ತಗಿನ ಹಿಟ್ಟಿನಂತಾಗುವಷ್ಟು ದ್ರವ ಸಾಬೂನು, ಕಿತ್ತಳೆ ತೈಲ 5 ಹನಿ. ಅಡುಗೆ ಸೋಡಾ ಸೌಮ್ಯ ಕ್ಷಾರ. ಅದರ ಹರಳುಗಳು ಗಾಜು, ಪಿಂಗಾಣಿಗಳಿಗಿಂತ ಮೆತ್ತಗಿರುವುದರಿಂದ ಗೀರುವ ಭಯ ಕಡಿಮೆ. ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ, ಬಿಳಿ ಪುಡಿ ಉಳಿಯದಂತೆ ತೊಳೆಯಿರಿ. ಇದನ್ನು ಆಗಿಂದಾಗ್ಗೆ ಬೇಕಾದಷ್ಟೇ ಮಾಡಿಕೊಳ್ಳಿ, ಇಟ್ಟರೆ ಗಟ್ಟಿಯಾಗುತ್ತದೆ.

ಈ ಲೇಪಕ್ಕೆ ವಿನೆಗರ್ ಸುರಿದು ನೊರೆಯೆಬ್ಬಿಸುವುದನ್ನು ಬಹಳ ಜನ ಇಷ್ಟಪಡುತ್ತಾರೆ, ನೋಡಲು ಚೆಂದವೂ ಹೌದು. ಆದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ತಟಸ್ಥಗೊಳಿಸಿ ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಎರಡರ ಶುಚಿಗೊಳಿಸುವ ಗುಣವೂ ಬಹುಪಾಲು ಹೋಗಿರುತ್ತದೆ. ಇವೆರಡನ್ನು ಮುಚ್ಚಿದ ಬಾಟಲಿಯಲ್ಲಿ ಬೆರೆಸಿದರೆ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಬಹುದು.

7. ಗಡಸು ನೀರಿನ ಬಿಳಿ ಕಲೆಗೆ ವಿನೆಗರ್

ನಲ್ಲಿ, ಷವರ್, ಗಾಜಿನ ಬಾಗಿಲುಗಳ ಮೇಲಿನ ಬಿಳಿ ಪದರ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಅಮೃತಶಿಲೆಯನ್ನು ಕೆಡಿಸುವ ಅದೇ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ, ಹತ್ತು ಹದಿನೈದು ನಿಮಿಷದ ನಂತರ ಉಜ್ಜಿ ತೊಳೆಯಿರಿ.

ಈ ಮಿಶ್ರಣಕ್ಕೆ ನಾನು ತೈಲ ಹಾಕುವುದಿಲ್ಲ. ವಿನೆಗರ್ ವಾಸನೆ ಒಣಗಿದ ಮೇಲೆ ತಾನಾಗಿಯೇ ಹೋಗುತ್ತದೆ. ತೈಲ ಕರಗಿಸಲೆಂದು ನಿಜವಾದ ಸಾಬೂನು ಹಾಕಿದರೆ ಆಮ್ಲ ಅದನ್ನು ಒಡೆದು, ಮೊಸರಿನಂತಹ ಜಿಡ್ಡುಗರಣೆಗಳು ತೇಲತೊಡಗುತ್ತವೆ. ಪಾತ್ರೆ ತೊಳೆಯುವ ಡಿಟರ್ಜೆಂಟಿಗೆ ಈ ತೊಂದರೆ ಇಲ್ಲ. ಪರಿಮಳ ಬೇಕೇ ಬೇಕೆಂದರೆ ನಿಂಬೆ ಅಥವಾ ಕಿತ್ತಳೆ ಸಿಪ್ಪೆಗಳನ್ನು ಗಾಜಿನ ಭರಣಿಯಲ್ಲಿ ತುಂಬಿ, ಅವು ಪೂರ್ತಿ ಮುಳುಗುವಷ್ಟು ವಿನೆಗರ್ ಸುರಿದು, ಎರಡು ವಾರದ ನಂತರ ಸೋಸಿ ಬಳಸಿ. ಸಿಪ್ಪೆ ಮೇಲೆ ಚಾಚಿಕೊಂಡಿದ್ದರೆ ಬೂಷ್ಟು ಹಿಡಿಯುತ್ತದೆ. ಈ ವಿನೆಗರ್ ಹಳದಿ ಬಣ್ಣಕ್ಕೆ ತಿರುಗುವುದರಿಂದ ಬಿಳಿ ಬಟ್ಟೆಗೆ ತಾಗಿಸಬೇಡಿ.

ಕನ್ನಡಿ ಮತ್ತು ಕಿಟಕಿ ಗಾಜಿಗೆ ಇದೇ ವಿನೆಗರ್ ನೀರು ಸಾಕು. ಅದಕ್ಕೆ ತೈಲ ಸೇರಿಸಿದರೆ ಗಾಜಿನ ಮೇಲೆ ಮಬ್ಬು ಗೆರೆಗಳು ಮೂಡುತ್ತವೆ.

8. ನೆಲ ಒರೆಸುವಾಗ

5 ಲೀಟರ್ ಬಿಸಿನೀರಿಗೆ 1 ಚಿಕ್ಕ ಚಮಚ ದ್ರವ ಸಾಬೂನು, ಅದಕ್ಕೆ ಮೊದಲೇ ಬೆರೆಸಿಕೊಂಡ 8ರಿಂದ 10 ಹನಿ ತೈಲ. ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಒಣಗುವವರೆಗೆ ಮಕ್ಕಳನ್ನು, ವಯಸ್ಸಾದವರನ್ನು ಆ ಕಡೆ ಬಿಡಬೇಡಿ. ವಾಸನೆ ಸಾಲದೆಂದು ಹನಿಗಳನ್ನು ಹೆಚ್ಚಿಸುತ್ತಾ ಹೋದರೆ ನೆಲ ಜಾರುತ್ತದೆ. ಒಂದು ಎಚ್ಚರಿಕೆ: ನಮ್ಮ ಮೂಗು ಒಂದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ, ಒರೆಸುತ್ತಿರುವ ನಿಮಗೆ ಏನೂ ಅನಿಸದಿರುವಾಗ ಹೊರಗಿನಿಂದ ಬಂದವರಿಗೆ ಅದು ಗಾಢವಾಗಿರುತ್ತದೆ. ಅಳತೆಯನ್ನು ಮೂಗಿನಿಂದ ನಿರ್ಧರಿಸಬೇಡಿ.

9. ಲೇಬಲ್ ಅಂಟು ತೆಗೆಯಲು ಕಿತ್ತಳೆ ತೈಲ

ಸಾರತೈಲ ಬೇರೆ ಯಾರ ನೆರವಿಲ್ಲದೆ ತಾನೇ ಮಾಡುವ ಕೆಲಸವೆಂದರೆ ಇದೊಂದೇ. ಗಾಜಿನ ಭರಣಿಯ ಲೇಬಲ್ ಕಿತ್ತ ಮೇಲೆ ಉಳಿಯುವ ಅಂಟು, ಸ್ಟೀಲಿನ ಮೇಲಿನ ಟೇಪಿನ ಗುರುತು ಮುಂತಾದವುಗಳಿಗೆ ಹತ್ತಿಯಲ್ಲಿ ಎರಡು ಮೂರು ಹನಿ ಕಿತ್ತಳೆ ತೈಲ ತೆಗೆದುಕೊಂಡು ಹಚ್ಚಿ, ಐದು ನಿಮಿಷ ಬಿಟ್ಟು ಉಜ್ಜಿ, ಸಾಬೂನಿನಿಂದ ತೊಳೆಯಿರಿ. ಕೈಗವಸು ಕಡ್ಡಾಯ. ಪ್ಲಾಸ್ಟಿಕ್, ವಾರ್ನಿಶ್, ಬಣ್ಣ ಬಳಿದ ಮೇಲ್ಮೈಗಳಿಗೆ ಇದನ್ನು ಮಾಡಬೇಡಿ. ಹತ್ತಿರದಲ್ಲಿ ಬೆಂಕಿ ಇರಬಾರದು: ಲಿಮೊನೀನ್‌ನ ಆವಿ ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹತ್ತಿಕೊಳ್ಳಬಲ್ಲದು, ಉರಿಯುವ ಒಲೆಯ ಪಕ್ಕ ಆ ಬಿಸಿ ಸುಲಭವಾಗಿ ಮುಟ್ಟುತ್ತದೆ.

10. ಬಚ್ಚಲು, ಬಟ್ಟೆ, ಹಾಸಿಗೆ

ಟೈಲ್ಸ್ ಮೇಲಿನ ಬೂಷ್ಟನ್ನು ಮೇಲಿನ ಉಜ್ಜುವ ಲೇಪದಿಂದಲೇ ತೆಗೆಯಬಹುದು. ಗೋಡೆಯ ಗಾರೆಯೊಳಗೆ ಬೂಷ್ಟು ಹೊಕ್ಕಿದ್ದರೆ ಟೀ ಟ್ರೀ ಸಿಂಪಡಿಸಿ ಪ್ರಯೋಜನವಿಲ್ಲ. ತೇವ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ಅದನ್ನು ನಿಲ್ಲಿಸಬೇಕು. ಬಟ್ಟೆಗೆ ನೇರವಾಗಿ ತೈಲ ಹಾಕಿದರೆ ಕಲೆಯಾಗುತ್ತದೆ, ಒಗೆಯುವ ದ್ರವಕ್ಕೆ 5 ಹನಿ ಬೆರೆಸಿ ಹಾಕಿ. ತೈಲ ಹೀರಿದ ಬಟ್ಟೆಯನ್ನು ಬಿಸಿ ಗಾಳಿಯ ಡ್ರೈಯರಿಗೆ ಹಾಕಬಾರದು. ಹಾಸಿಗೆಯ ಮೇಲೆ ಬರೀ ಅಡುಗೆ ಸೋಡಾ ಉದುರಿಸಿ, ಒಂದೆರಡು ಗಂಟೆ ಬಿಟ್ಟು ವ್ಯಾಕ್ಯೂಮಿನಿಂದ ತೆಗೆದರೆ ಸಾಕು. ಎಂಟು ಗಂಟೆ ಮುಖವಿಟ್ಟು ಮಲಗುವ ಜಾಗಕ್ಕೆ ತೈಲವೇಕೆ?

11. ಕಿಟಕಿ ತೆರೆಯಿರಿ, ಹೆಸರು ಬರೆದಿಡಿ

ತೈಲಗಳ ಲಿಮೊನೀನ್ ಮುಂತಾದ ದ್ರವ್ಯಗಳು ಗಾಳಿಯಲ್ಲಿರುವ ಓಜೋನ್ ಜೊತೆ ವರ್ತಿಸಿ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳನ್ನು ಉಂಟುಮಾಡುತ್ತವೆ. ಆದ್ದರಿಂದ ಕೆಲಸದ ವೇಳೆಯಲ್ಲೂ ಆಮೇಲೆ ಕೆಲಹೊತ್ತೂ ಕಿಟಕಿ ತೆರೆದಿರಲಿ. ಓಜೋನ್ ಹೊರಸೂಸುವ ಗಾಳಿ ಶುದ್ಧೀಕರಣ ಯಂತ್ರವಿದ್ದರೆ ಅದನ್ನು ಆರಿಸಿಡಿ.

ಪ್ರತಿ ಬಾಟಲಿಯ ಮೇಲೆ ಒಳಗೇನಿದೆ, ಯಾವ ದಿನ ಮಾಡಿದ್ದು ಎಂದು ಬರೆದು ಅಂಟಿಸಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬೇಡಿ. ಮೂಲ ತೈಲದ ಸೀಸೆಗಳನ್ನು ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯ ಜಾಗದಲ್ಲಿ, ಮಕ್ಕಳ ಕೈಗೆಟುಕದಂತೆ ಇಡಿ. ಗಾಳಿ ಮತ್ತು ಬೆಳಕು ತಾಗಿದಂತೆಲ್ಲ ಲಿಮೊನೀನ್ ಮತ್ತು ಲ್ಯಾವೆಂಡರಿನ ಲಿನಲೂಲ್ ಉತ್ಕರ್ಷಣಗೊಂಡು, ಅಂದರೆ ಆಮ್ಲಜನಕದೊಂದಿಗೆ ಸೇರಿ ಮಾರ್ಪಟ್ಟು, ಚರ್ಮಕ್ಕೆ ಅಲರ್ಜಿ ತರುವ ರೂಪ ತಾಳುತ್ತವೆ. ನಿಂಬೆ, ಕಿತ್ತಳೆ ತೈಲಗಳನ್ನು ತೆರೆದ ಒಂದು ವರ್ಷದೊಳಗೆ, ಉಳಿದವನ್ನು ಎರಡು ವರ್ಷದೊಳಗೆ ಮುಗಿಸಿ.

ಯಾವುದನ್ನು ಯಾವುದಕ್ಕೆ ಬೆರೆಸಬಾರದು

ಬ್ಲೀಚ್ ಇರುವ ಯಾವುದಕ್ಕೂ ಏನನ್ನೂ ಸೇರಿಸಬೇಡಿ. ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೀನ್ ಹೊಮ್ಮುತ್ತದೆ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಬ್ಲೀಚಿನ ವಾಸನೆ ಮುಚ್ಚಲೆಂದು ಸಾರತೈಲ ಹಾಕುವ ರೂಢಿಯೂ ಕೆಲವರಿಗಿದೆ. ಅವು ಪರಸ್ಪರ ವರ್ತಿಸಿ ಹಾನಿಕರ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದು, ಬ್ಲೀಚಿನ ಶಕ್ತಿಯೂ ಕುಂದುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಿನೆಗರನ್ನು ಒಂದೇ ಬಾಟಲಿಯಲ್ಲಿ ಬೆರೆಸಿದರೆ ಕಣ್ಣು, ಗಂಟಲು ಉರಿಸುವ ಪೆರಾಸಿಟಿಕ್ ಆಮ್ಲ ಉಂಟಾಗುತ್ತದೆ.

ಚೆಲ್ಲಿದರೆ, ಬಾಯಿಗೆ ಹೋದರೆ

ಸಾಂದ್ರ ತೈಲ ಚರ್ಮಕ್ಕೆ ತಾಗಿದರೆ ಬರೀ ನೀರಿನಿಂದ ಹೋಗದು. ಅಡುಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನಂತರ ಸಾಬೂನಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರನ್ನು ಹರಿಸಿ ವೈದ್ಯರ ಬಳಿ ಹೋಗಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ತೆಳುವಾದ ಈ ದ್ರವ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇನ್ನೂ ಹೆಚ್ಚು. ಸೀಸೆಯನ್ನು ಕೈಯಲ್ಲೇ ಹಿಡಿದು ನೇರ ಆಸ್ಪತ್ರೆಗೆ ಹೋಗಿ, ಮಗು ಚೆನ್ನಾಗಿಯೇ ಕಾಣುತ್ತಿದೆಯೆಂದು ಕಾಯಬೇಡಿ. ನೀಲಗಿರಿ ತೈಲ ಒಂದು ಚಿಕ್ಕ ಚಮಚದಷ್ಟು ಹೊಟ್ಟೆಗೆ ಹೋದರೂ ಚಿಕ್ಕ ಮಗುವಿಗೆ ಪ್ರಜ್ಞೆ ತಪ್ಪಬಹುದು, ಸೆಳವು ಬರಬಹುದು.

ಹಳೆಯದಾದ ತೈಲವನ್ನು ಸಿಂಕಿಗೆ ಸುರಿಯಬೇಡಿ. ಅಡುಗೆ ಸೋಡಾ ಅಥವಾ ಮರಳಿನಲ್ಲಿ ಹೀರಿಸಿ, ಮುಚ್ಚಳವಿರುವ ಡಬ್ಬಿಗೆ ತುಂಬಿ ಕಸಕ್ಕೆ ಹಾಕಿ. ತೈಲ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯದೆ, ಹೊರಗೆ ನೆರಳಿನಲ್ಲಿ ಹರಡಿ ಒಣಗಿಸಿದ ಮೇಲೆ ಒಗೆಯಿರಿ.